ಕರುಳಿನ ಗಂಟು ಹುಡುಕಲು ಎಂ.ಆರ್.ಐ. ಸಾಕೇ? ರೇಡಿಯಾಲಜಿಸ್ಟ್ ಜೊತೆ ಪ್ರಶ್ನೋತ್ತರ

ನಿರ್ವಾಹಕರು: ‘ಕೊಳವೆ ಬೇಡ, ನೋವಿಲ್ಲ, ಒಂದೇ ಎಂ.ಆರ್.ಐ.ಯಲ್ಲಿ ಕರುಳಿನ ಕ್ಯಾನ್ಸರ್ ಮೊದಲೇ ಪತ್ತೆ’ ಎಂಬ ಸಂದೇಶ ಕಳೆದ ವಾರ ನಮ್ಮ ಗುಂಪಿನಲ್ಲಿ ಹರಿದಾಡಿತು. ದಾವಣಗೆರೆಯಲ್ಲಿ ದಿನವೂ ಎಂ.ಆರ್.ಐ. ನೋಡಿ ವರದಿ ಬರೆಯುವ ರೇಡಿಯಾಲಜಿಸ್ಟ್ ಒಬ್ಬರು ಇಂದು ಸಂಜೆ ಉತ್ತರಿಸಲು ಒಪ್ಪಿದ್ದಾರೆ. ವಿಷಯ ಬಿಟ್ಟು ಹೋಗಬೇಡಿ.

ವಿದ್ಯಾನಗರದ ಸದಸ್ಯ: ನಮಸ್ಕಾರ ಮೇಡಂ. ನನಗೆ 50 ವರ್ಷ, ತೊಂದರೆ ಏನೂ ಇಲ್ಲ. ಆ ಸಂದೇಶ ನಿಜವೇ?

ಡಾಕ್ಟರ್: ನಮಸ್ಕಾರ. ಅರ್ಧ ನಿಜ. ಎಂ.ಆರ್.ಐ.ಯಿಂದ ದೊಡ್ಡ ಕರುಳಿನ ಒಳಭಾಗ ನೋಡುವ ಎಂ.ಆರ್. ಕೊಲೊನೋಗ್ರಫಿ ಎಂಬ ವಿಧಾನ 1990ರ ದಶಕದಿಂದಲೂ ಇದೆ. ಅದರಲ್ಲಿ ವಿಕಿರಣವಿಲ್ಲ ಎಂಬುದೂ ನಿಜ. ಆದರೆ ‘ಕೊಳವೆ ಬೇಡ’ ಎಂಬುದು ಸುಳ್ಳು. ಹಿಂದಿನ ದಿನ ಭೇದಿಯ ದ್ರಾವಣ ಕುಡಿದು ಕರುಳು ಖಾಲಿ ಮಾಡಿಕೊಂಡೇ ಬರಬೇಕು. ಗುದದ್ವಾರದಲ್ಲಿ ತೆಳುವಾದ ಕೊಳವೆ ಇಟ್ಟು ಒಂದೂವರೆ ಎರಡು ಲೀಟರ್ ಬೆಚ್ಚನೆಯ ನೀರು ತುಂಬಿಸುತ್ತೇವೆ. ಕರುಳಿನ ಚಲನೆ ತಡೆಯಲು ಒಂದು ಇಂಜೆಕ್ಷನ್, ಬಳಿಕ ತೋಳಿನ ರಕ್ತನಾಳಕ್ಕೆ ಗ್ಯಾಡೊಲಿನಿಯಂ ಎಂಬ, ಚಿತ್ರದಲ್ಲಿ ಬೆಳಗುವ ಔಷಧ. ಉಸಿರು ಬಿಗಿಹಿಡಿದು ಅಲುಗಾಡದೆ ಮಲಗಬೇಕು. ಚಿತ್ರದಲ್ಲಿ ನೀರು ಕಪ್ಪಾಗಿ, ಕರುಳಿನ ಗೋಡೆ ಬೆಳ್ಳಗೆ ಕಾಣುತ್ತದೆ. ಪಾಲಿಪ್, ಅಂದರೆ ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಗಂಟು, ಅದರಲ್ಲಿ ರಕ್ತ ಹರಿಯುವುದರಿಂದ ಆ ಔಷಧ ಹೀರಿ ಬೆಳಗುತ್ತದೆ, ಅಂಟಿಕೊಂಡ ಮಲದ ತುಣುಕು ಬೆಳಗುವುದಿಲ್ಲ. ಹಾಗೆ ಎರಡನ್ನೂ ಬೇರೆ ಮಾಡುತ್ತೇವೆ.

ಮೆಕ್ಕೆಜೋಳದ ಕಾಳಿನಷ್ಟು, ಅಂದರೆ ಸುಮಾರು ಒಂದು ಸೆಂಟಿಮೀಟರ್ ಆದ ಗಂಟನ್ನು ಇದು ಚೆನ್ನಾಗಿಯೇ ಹಿಡಿಯುತ್ತದೆ. 5 ಮಿಲಿಮೀಟರಿಗಿಂತ ಚಿಕ್ಕವು ಹೆಚ್ಚಾಗಿ ತಪ್ಪಿಹೋಗುತ್ತವೆ, ಗೋಡೆಗೆ ಅಂಟಿ ಚಪ್ಪಟೆಯಾಗಿ ಬೆಳೆಯುವವೂ ತಪ್ಪಬಹುದು. ಗಂಟು ಕಂಡರೆ ತೆಗೆಯಲು, ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ತೂರಿಸಿ ನೋಡುವ ಕೊಲೊನೋಸ್ಕೋಪಿಯೇ ಆಗಬೇಕು, ಆಗ ಮತ್ತೊಮ್ಮೆ ಭೇದಿಯ ದ್ರಾವಣ. ಕೊಲೊನೋಸ್ಕೋಪಿಯಲ್ಲಾದರೆ ಕಂಡ ಪಾಲಿಪ್ಪನ್ನು ಸಾಮಾನ್ಯವಾಗಿ ಅಲ್ಲೇ ತೆಗೆದು ಬಯಾಪ್ಸಿಗೆ, ಅಂದರೆ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ, ಕಳುಹಿಸುತ್ತಾರೆ. ಪಾಲಿಪ್ ಕ್ಯಾನ್ಸರಾಗಿ ತಿರುಗಲು ಹೆಚ್ಚಾಗಿ ಹತ್ತು ವರ್ಷದ ಆಸುಪಾಸು ಹಿಡಿಯುತ್ತದೆ. ಆ ಅವಧಿಯಲ್ಲಿ ಅದನ್ನು ತೆಗೆದುಬಿಟ್ಟರೆ ಅದು ಕ್ಯಾನ್ಸರಾಗುವುದಿಲ್ಲ. ತಪಾಸಣೆಯ ಉದ್ದೇಶವೇ ಅದು. ತೊಂದರೆ ಇಲ್ಲದ ನಿಮಗೆ ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಹುಡುಕುವ ‘ಫಿಟ್’ ಪರೀಕ್ಷೆ ವರ್ಷಕ್ಕೊಮ್ಮೆ, ಇಲ್ಲವೇ ಒಮ್ಮೆ ಕೊಲೊನೋಸ್ಕೋಪಿ. ಅದು ಸರಿಯಾಗಿದ್ದರೆ ಮುಂದಿನದು ಹತ್ತು ವರ್ಷದ ನಂತರ. ಎಂ.ಆರ್.ಐ. ಆ ಸಾಲಿನಲ್ಲಿಲ್ಲ.

ಪಿ.ಜೆ. ಬಡಾವಣೆಯ ಸದಸ್ಯ: ಬೆಂಗಳೂರಿನಲ್ಲಿ ಇಡೀ ದೇಹದ ಎಂ.ಆರ್.ಐ. ಪ್ಯಾಕೇಜ್ ಇದೆ. ಅದರಲ್ಲಿ ಕರುಳೂ ಬಂತಲ್ಲವೇ?

ಡಾಕ್ಟರ್: ಇಲ್ಲ. ಅದರಲ್ಲಿ ಕರುಳು ಖಾಲಿ ಮಾಡಿರುವುದಿಲ್ಲ, ನೀರೂ ತುಂಬಿರುವುದಿಲ್ಲ. ಪಾಲಿಪ್ ಕಾಣುವುದಿಲ್ಲ.

ಕೆ.ಟಿ.ಜೆ. ನಗರದ ಸದಸ್ಯೆ: ಮೇಡಂ, ನನಗೆ 42. ಮುನ್ನೆಚ್ಚರಿಕೆಗೆ ಎಂ.ಆರ್.ಐ. ಮಾಡಿಸಲೇ? ಎಷ್ಟು ಖರ್ಚಾಗುತ್ತದೆ?

ಡಾಕ್ಟರ್: ಮೊದಲ ಉತ್ತರ ಓದಿ.

ಚನ್ನಗಿರಿ ಕಡೆಯ ಸದಸ್ಯೆ: ಮೇಡಂ, ನಮ್ಮ ತಂದೆಗೆ 54 ವರ್ಷ. ಅಡಿಕೆ ತೋಟ. ಬೇಸಿಗೆಯಿಂದ ಸುಸ್ತು, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಹಿಮೋಗ್ಲೋಬಿನ್ 7.8 ಇತ್ತು. ಕಬ್ಬಿಣಾಂಶದ ಮಾತ್ರೆ ತೆಗೆದುಕೊಂಡಾಗ 10ಕ್ಕೆ ಏರಿತು, ನಿಲ್ಲಿಸಿದ ಮೇಲೆ ಮತ್ತೆ ಇಳಿದಿದೆ. ಅಲ್ಟ್ರಾಸೌಂಡ್ ಸರಿಯಾಗಿದೆ. ಮಲದಲ್ಲಿ ರಕ್ತ ಕಂಡಿಲ್ಲ. ನಮ್ಮ ದೊಡ್ಡಪ್ಪ 48ನೇ ವಯಸ್ಸಿನಲ್ಲಿ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡರು. ಕೊಲೊನೋಸ್ಕೋಪಿ ಎಂದರೆ ತಂದೆ ಒಪ್ಪುತ್ತಿಲ್ಲ, ಎಂ.ಆರ್.ಐ. ಆದರೆ ಬರುತ್ತೇನೆ ಎನ್ನುತ್ತಾರೆ. ಮಾಡಿಸಲೇ?

ಡಾಕ್ಟರ್: ತಂಗಿ, ದಯವಿಟ್ಟು ಇದನ್ನು ಪೂರ್ತಿ ಓದಿ, ತಂದೆಯವರಿಗೂ ಓದಿ ಹೇಳಿ. ಎಂ.ಆರ್.ಐ. ಬೇಡ. ನಿಮ್ಮ ತಂದೆಯ ವಿಷಯದಲ್ಲಿ ‘ತಪಾಸಣೆ’ ಎಂಬ ಮಾತೇ ಸಲ್ಲದು. ತಪಾಸಣೆ ಆರೋಗ್ಯವಂತರಿಗೆ. ಅವರಿಗೆ ಆಗಲೇ ಲಕ್ಷಣವಿದೆ.

ಐವತ್ತು ದಾಟಿದ ಗಂಡಸಿನಲ್ಲಿ ಕಬ್ಬಿಣಾಂಶದ ಕೊರತೆಯ ರಕ್ತಹೀನತೆ ಕಂಡರೆ, ಹೊಟ್ಟೆಯೊಳಗೆ ಎಲ್ಲೋ ರಕ್ತ ಸೋರುತ್ತಿದೆ ಎಂದೇ ಮೊದಲು ಭಾವಿಸಬೇಕು. ಮಾತ್ರೆ ಕೊಟ್ಟಾಗ ಏರಿ, ನಿಲ್ಲಿಸಿದಾಗ ಇಳಿಯಿತು ಎಂದರೆ ಸೋರಿಕೆ ನಿಂತಿಲ್ಲ. ದೊಡ್ಡ ಕರುಳಿನ ಬಲಭಾಗ ಅಗಲವಾಗಿರುತ್ತದೆ, ಅಲ್ಲಿ ಮಲ ಇನ್ನೂ ತೆಳ್ಳಗಿರುತ್ತದೆ. ಹಾಗಾಗಿ ಅಲ್ಲಿ ಗೆಡ್ಡೆ ಬೆಳೆದರೂ ಮಲ ಕಟ್ಟುವುದಿಲ್ಲ, ಕೆಂಪು ರಕ್ತವೂ ಕಣ್ಣಿಗೆ ಬೀಳುವುದಿಲ್ಲ. ತಿಂಗಳುಗಟ್ಟಲೆ ಹನಿಹನಿಯಾಗಿ ರಕ್ತ ಹೋಗಿ ಮನುಷ್ಯ ಸುಸ್ತಾಗುತ್ತಾನೆ, ಅಷ್ಟೆ. ಅಲ್ಟ್ರಾಸೌಂಡ್ ಸರಿಯಿದೆ ಎಂಬುದು ಇಲ್ಲಿ ಸಮಾಧಾನದ ಮಾತಲ್ಲ. ಗಾಳಿ ತುಂಬಿದ ಕರುಳಿನ ಒಳಭಾಗ ಅದರಲ್ಲಿ ಸರಿಯಾಗಿ ಕಾಣುವುದಿಲ್ಲ.

ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆಹುಳುವಿನಿಂದಲೂ ಹೀಗಾಗುತ್ತದೆ. ಮಲ ಪರೀಕ್ಷೆ ಮಾಡಿಸಿ, ಹುಳು ಇದ್ದರೆ ಮಾತ್ರೆ ಕೊಡುತ್ತಾರೆ. ಆದರೆ ಹುಳು ಸಿಕ್ಕಿತು ಎಂದು ಅಲ್ಲಿಗೇ ನಿಲ್ಲಿಸಬೇಡಿ. ದೊಡ್ಡಪ್ಪನ ವಿಷಯ ಕೇಳಿದ ಮೇಲೆ ನನಗೆ ಕಳವಳವಾಗಿದೆ. ಒಡಹುಟ್ಟಿದವರಿಗೆ 48ಕ್ಕೆ ಕಾಯಿಲೆ ಬಂದಿದ್ದರೆ ಉಳಿದವರು ಹತ್ತು ವರ್ಷ ಮೊದಲೇ, ಅಂದರೆ 38ಕ್ಕೇ ಕೊಲೊನೋಸ್ಕೋಪಿ ಮಾಡಿಸಬೇಕಿತ್ತು. ಬಾಯಿಯ ಮೂಲಕ ಜಠರ ನೋಡುವ ಎಂಡೋಸ್ಕೋಪಿ, ಕೆಳಗಿನಿಂದ ಕೊಲೊನೋಸ್ಕೋಪಿ, ಎರಡನ್ನೂ ಮಾಡಿಸಿ. ಎಂ.ಆರ್.ಐ.ಯಲ್ಲಿ ಗೆಡ್ಡೆ ಕಂಡರೂ ನಾನು ಚೂರು ತೆಗೆದು ಪರೀಕ್ಷೆಗೆ ಕಳುಹಿಸಲಾರೆ. ಕಾಣದಿದ್ದರೆ ಇಲ್ಲವೆಂದು ಆಣೆ ಮಾಡಿ ಹೇಳಲಾರೆ. ಆ ವರದಿ ಹಿಡಿದು ನೀವು ಆರು ತಿಂಗಳು ನೆಮ್ಮದಿಯಾಗಿ ಇದ್ದುಬಿಟ್ಟರೆ ಅದೇ ಅನಾಹುತ. ಒಂದು ಪ್ರಶ್ನೆ: ತಂದೆಯ ಅಕ್ಕತಂಗಿಯರಲ್ಲಿ, ಅಜ್ಜಿಯಲ್ಲಿ ಯಾರಿಗಾದರೂ ಗರ್ಭಕೋಶದ ಕ್ಯಾನ್ಸರ್ ಬಂದಿತ್ತೇ? ಕೇಳಿ ತಿಳಿಸಿ.

ಹರಿಹರದ ಸದಸ್ಯ: ಬಂದ ಸಂದೇಶ ಹಂಚಿಕೊಳ್ಳುತ್ತಿದ್ದೇನೆ. ಬರಿಹೊಟ್ಟೆಯಲ್ಲಿ ಲೋಳೆಸರದ ರಸ, ಮಲಗುವಾಗ ಹರಳೆಣ್ಣೆ, 21 ದಿನ. ಕರುಳಿನ ಗಂಟು ಕರಗಿ ಹೊರಬರುತ್ತದೆ. ಯಾವ ಸ್ಕ್ಯಾನೂ ಬೇಡ.

ಡಾಕ್ಟರ್: ಕರಗುವುದಿಲ್ಲ. ಗೆಡ್ಡೆಯಿಂದ ಕರುಳಿನ ದಾರಿ ಕಿರಿದಾಗಿರುವವರಿಗೆ ಹರಳೆಣ್ಣೆಯಂಥ ಬಲವಾದ ಭೇದಿ ಕೊಟ್ಟರೆ ಕರುಳು ಕಟ್ಟಿಕೊಳ್ಳಬಹುದು, ಒಡೆಯಲೂಬಹುದು. ಒಡೆದರೆ ರಾತ್ರೋರಾತ್ರಿ ಶಸ್ತ್ರಚಿಕಿತ್ಸೆ, ಇಲ್ಲದಿದ್ದರೆ ಜೀವವೇ ಹೋಗುತ್ತದೆ. ಯಾರೋ ಕಳುಹಿಸಿದ್ದನ್ನು ಯಾರಿಗೋ ಕಳುಹಿಸುವಾಗ ಓದುವವರಲ್ಲಿ ಒಬ್ಬ ರೋಗಿ ಇರುತ್ತಾನೆ ಎಂಬ ಎಚ್ಚರ ಇರಲಿ. ನಿರ್ವಾಹಕರೇ, ಅದನ್ನು ಅಳಿಸಿ.

ಎಂ.ಸಿ.ಸಿ. ಬಿ ಬ್ಲಾಕಿನ ಸದಸ್ಯ: ನಾವು ಶುದ್ಧ ಸಸ್ಯಾಹಾರಿಗಳು. ಇದೆಲ್ಲ ಮಾಂಸ ತಿನ್ನುವವರ ಕಾಯಿಲೆ ಎಂದು ಕೇಳಿದ್ದೇನೆ.

ನಿಟುವಳ್ಳಿಯ ಸದಸ್ಯ: ಏನು ಮಾತು ಅಣ್ಣ ಇದು? ನಮ್ಮ ಓಣಿಯಲ್ಲಿ ಮೊಟ್ಟೆಯನ್ನೂ ಮುಟ್ಟದ ಅಜ್ಜನಿಗೇ ಬಂದಿದೆ.

ಎಂ.ಸಿ.ಸಿ. ಬಿ ಬ್ಲಾಕಿನ ಸದಸ್ಯ: ಒಬ್ಬರ ಉದಾಹರಣೆ ಲೆಕ್ಕಕ್ಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರೇ ಹೇಳಿದ್ದಾರೆ.

ನಿಟುವಳ್ಳಿಯ ಸದಸ್ಯ: ಅವರು ಹೇಳಿದ್ದನ್ನು ನೀವು ಪೂರ್ತಿ ಓದಿದ್ದೀರಾ? ಸಾರಾಯಿ, ಬೀಡಿ, ಬೊಜ್ಜು ನಿಮ್ಮ ಬಡಾವಣೆಯಲ್ಲಿ ಇಲ್ಲವೇ?

ಎಂ.ಸಿ.ಸಿ. ಬಿ ಬ್ಲಾಕಿನ ಸದಸ್ಯ: ಬಡಾವಣೆಯ ಮಾತು ಏಕೆ ತೆಗೆದಿರಿ? ಮರ್ಯಾದೆಯಿಂದ ಮಾತನಾಡಿ.

ಡಾಕ್ಟರ್: ಇಬ್ಬರೂ ನಿಲ್ಲಿಸಿ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು, ಕೆಂಪು ಮಾಂಸವನ್ನು ‘ಬಹುಶಃ’ ಎಂಬ ಪಟ್ಟಿಗೆ. ಸಸ್ಯಾಹಾರಿಗಳಿಗೆ ಬರುವುದಿಲ್ಲ ಎಂದು ಎಲ್ಲೂ ಹೇಳಿಲ್ಲ. ತಂಬಾಕು, ಮದ್ಯ, ಬೊಜ್ಜು, ವಂಶದ ಗುಣ ಎಲ್ಲವೂ ಸೇರುತ್ತವೆ.

ಜಗಳೂರಿನ ಸದಸ್ಯ: ಮೇಡಂ, ನೀವು ಎಂ.ಆರ್.ಐ. ಬೇಡ ಎನ್ನುತ್ತೀರಿ. ನಮ್ಮ ತಾಯಿಗೆ ಕೊಲೊನೋಸ್ಕೋಪಿಯಲ್ಲಿ ಗುದನಾಳದ ಗೆಡ್ಡೆ ಸಿಕ್ಕಿದೆ, ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂದಿದೆ. ಈಗ ಸರ್ಜನ್ ಎಂ.ಆರ್.ಐ. ಬರೆದಿದ್ದಾರೆ. ಮಾಡಿಸುವುದು ನಿಲ್ಲಿಸಲೇ?

ಡಾಕ್ಟರ್: ಖಂಡಿತ ನಿಲ್ಲಿಸಬೇಡಿ. ಅಲ್ಲಿ ಎಂ.ಆರ್.ಐ. ಬೇಕೇ ಬೇಕು. ಗೆಡ್ಡೆ ಗೋಡೆಯ ಎಷ್ಟು ಪದರ ದಾಟಿದೆ, ಸುತ್ತಲಿನ ಕೊಬ್ಬಿನ ಹೊರಪೊರೆಗೆ ಎಷ್ಟು ಹತ್ತಿರವಿದೆ, ಪಕ್ಕದ ದುಗ್ಧಗ್ರಂಥಿಗಳು ಹೇಗಿವೆ ಎಂಬುದನ್ನು ಅಷ್ಟು ಸ್ಪಷ್ಟವಾಗಿ ತೋರಿಸುವ ಸ್ಕ್ಯಾನ್ ಬೇರೊಂದಿಲ್ಲ. ನೇರ ಶಸ್ತ್ರಚಿಕಿತ್ಸೆಯೋ, ಮೊದಲು ವಿಕಿರಣ ಮತ್ತು ಕೀಮೊ ಕೊಟ್ಟು ಆಮೇಲೆ ಶಸ್ತ್ರಚಿಕಿತ್ಸೆಯೋ ಎಂಬುದು ಆ ವರದಿಯ ಮೇಲೆ ನಿಂತಿರುತ್ತದೆ. ಇರುವ ಗೆಡ್ಡೆಯನ್ನು ಅಳೆಯುವುದು ಬೇರೆ, ಇಲ್ಲದವರಲ್ಲಿ ಹುಡುಕುವುದು ಬೇರೆ. ತಡ ಮಾಡದೆ ಕರೆದುಕೊಂಡು ಹೋಗಿ. ಪೇಸ್‌ಮೇಕರ್ ಇದ್ದರೆ, ಮೂತ್ರಪಿಂಡದ ತೊಂದರೆ ಇದ್ದರೆ ಮೊದಲೇ ಹೇಳಿ.

ಹೊನ್ನಾಳಿಯ ಸದಸ್ಯ: ಮೇಡಂ, ನಮ್ಮ ಅಮ್ಮನ ಮೊಣಕಾಲಿನ ಎಂ.ಆರ್.ಐ. ವರದಿ ಹಾಕಿದ್ದೇನೆ, ನೋಡಿ ಹೇಳುತ್ತೀರಾ?

ಮಾಯಕೊಂಡದ ಸದಸ್ಯ: ಮೂರು ತಿಂಗಳಿಂದ ಮಲದಲ್ಲಿ ರಕ್ತ ಹೋಗುತ್ತಿದೆ. ವಯಸ್ಸು 47. ಮೂಲವ್ಯಾಧಿ ಎಂದು ನಾಟಿ ಔಷಧ ನಡೆದಿದೆ. ‘ಫಿಟ್’ ಮಾಡಿಸಲೇ?

ಡಾಕ್ಟರ್: ರಕ್ತ ಕಣ್ಣಿಗೇ ಕಾಣುತ್ತಿರುವಾಗ ‘ಫಿಟ್’ ಯಾಕೆ? ಸರ್ಜನ್ ಬೆರಳಿಟ್ಟು ಪರೀಕ್ಷಿಸಲಿ, ಆಮೇಲೆ ಕೊಲೊನೋಸ್ಕೋಪಿ. ಮೂಲವ್ಯಾಧಿ ಇದ್ದವರಿಗೆ ಗೆಡ್ಡೆ ಇರಬಾರದೆಂದಿಲ್ಲ. ಈ ವಾರವೇ ಹೋಗಿ.

ಪಿ.ಜೆ. ಬಡಾವಣೆಯ ಸದಸ್ಯ: ಎಲ್ಲರಿಗೂ ಕೊಲೊನೋಸ್ಕೋಪಿ, ಕೊಲೊನೋಸ್ಕೋಪಿ. ಡಾಕ್ಟರುಗಳ ನಡುವೆ ಕಮಿಷನ್ ಇರುತ್ತದೆ ಎಂದು ಊರಿಗೇ ಗೊತ್ತು.

ಡಾಕ್ಟರ್: ನಾನು ಎಂ.ಆರ್.ಐ. ವರದಿ ಬರೆದು ಜೀವನ ಮಾಡುವವಳು. ಸಂಜೆಯಿಂದ ಇಲ್ಲಿ ಎಂ.ಆರ್.ಐ. ಬೇಡ ಎಂದು ಜನರನ್ನು ವಾಪಸು ಕಳುಹಿಸುತ್ತಿದ್ದೇನೆ. ಕಮಿಷನ್ ಎಲ್ಲಿಂದ ಬಂತು? ಸರ್ಕಾರದ ತಪಾಸಣೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರಿಗೆ ಇದೆ, ಕರುಳಿಗೆ ಇಲ್ಲ. ಅದಕ್ಕೇ ಇಲ್ಲಿ ಕೂತು ಬರೆಯುತ್ತಿದ್ದೇನೆ.

ಕೆ.ಟಿ.ಜೆ. ನಗರದ ಸದಸ್ಯೆ: ಹಾಗಾದರೆ ನಾನು ಎಂ.ಆರ್.ಐ. ಮಾಡಿಸುವುದೇ ಬೇಡವೇ?

ಡಾಕ್ಟರ್: ಬೇಡ.

ನಿಟುವಳ್ಳಿಯ ಸದಸ್ಯ: ಬಿ ಬ್ಲಾಕಿನ ಅಣ್ಣನವರು ಇನ್ನೂ ನನಗೆ ಉತ್ತರ ಕೊಟ್ಟಿಲ್ಲ.

ನಿರ್ವಾಹಕರು: ಇನ್ನೊಂದು ಮಾತು ಆಡಿದರೆ ಇಬ್ಬರನ್ನೂ ಗುಂಪಿನಿಂದ ತೆಗೆಯುತ್ತೇನೆ.

ಚನ್ನಗಿರಿ ಕಡೆಯ ಸದಸ್ಯೆ: ಮೇಡಂ, ಅಜ್ಜಿಯನ್ನು ಕೇಳಿದೆ. ನಮ್ಮ ಸೋದರತ್ತೆಗೆ 45ರ ಸುಮಾರಿಗೆ ಗರ್ಭಕೋಶದ ಕ್ಯಾನ್ಸರ್ ಆಗಿ ಆಪರೇಷನ್ ಆಗಿತ್ತಂತೆ. ತಂದೆ ಒಪ್ಪಿದ್ದಾರೆ. ಶುಕ್ರವಾರಕ್ಕೆ ಕೊಲೊನೋಸ್ಕೋಪಿ ಗೊತ್ತು ಮಾಡಿಸಲೇ?

ಡಾಕ್ಟರ್: ಒಪ್ಪಿಸಿದ್ದಕ್ಕೆ ನಿಮಗೆ ಧನ್ಯವಾದ. ಒಂದೇ ಮನೆಯಲ್ಲಿ ಕರುಳು ಮತ್ತು ಗರ್ಭಕೋಶದ ಕ್ಯಾನ್ಸರ್ ಐವತ್ತರೊಳಗೆ ಬಂದಿದ್ದರೆ ಲಿಂಚ್ ಸಿಂಡ್ರೋಮ್ ಎಂಬ ವಂಶವಾಹಿ ದೋಷ ಇರಬಹುದು. ದೊಡ್ಡಪ್ಪ, ಅತ್ತೆಯ ಹಳೆಯ ವರದಿ ಸಿಕ್ಕರೆ ತೆಗೆದುಕೊಂಡು ಹೋಗಿ, ಈ ಹೆಸರನ್ನು ಡಾಕ್ಟರಿಗೆ ಹೇಳಿ. ಗೆಡ್ಡೆ ಸಿಕ್ಕರೆ ಬಯಾಪ್ಸಿಯ ಚೂರಿನಲ್ಲೇ ಅದರ ಪರೀಕ್ಷೆ ಮಾಡಬಹುದು. ದೋಷ ಖಚಿತವಾದರೆ ನಿಮಗೂ ನಿಮ್ಮ ಒಡಹುಟ್ಟಿದವರಿಗೂ ಪರೀಕ್ಷೆ ಬೇಕು. ಅಂಥವರಿಗೆ 20–25ರ ವಯಸ್ಸಿನಿಂದಲೇ ಒಂದೆರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಮಾಡುತ್ತಾರೆ.

ಕಬ್ಬಿಣಾಂಶದ ಮಾತ್ರೆ ನಡೆಯುತ್ತಿದ್ದರೆ ಕೊಲೊನೋಸ್ಕೋಪಿ ಮಾಡುವ ಆಸ್ಪತ್ರೆಗೆ ಇಂದೇ ಫೋನ್ ಮಾಡಿ ಹೇಳಿ. ಐದರಿಂದ ಏಳು ದಿನ ಮೊದಲು ನಿಲ್ಲಿಸಬೇಕು, ಮಲ ಕಪ್ಪಾಗಿ ಅಂಟಿಕೊಂಡರೆ ಒಳಗೆ ಏನೂ ಕಾಣುವುದಿಲ್ಲ. ರಕ್ತ ತೆಳ್ಳಗಾಗುವ ಮಾತ್ರೆ ಇದ್ದರೆ ಅದನ್ನೂ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಹಿಮೋಗ್ಲೋಬಿನ್ ಮತ್ತೊಮ್ಮೆ ನೋಡಿಸಿ, ಪರೀಕ್ಷೆಗೆ ಮೊದಲು ರಕ್ತ ಕೊಡಿಸಬೇಕೇ ಎಂದು ಕೇಳಿ. ಮಂಪರಿನ ಔಷಧ ಕೊಡುತ್ತಾರೆ, ತಂದೆಯೊಬ್ಬರನ್ನೇ ಬಸ್ಸಿಗೆ ಹತ್ತಿಸಿ ಕಳುಹಿಸಬೇಡಿ. ವರದಿ ಬಂದ ದಿನ ನನಗೆ ತಿಳಿಸಿ.