ಸಾಫ್ಟ್‌ವೇರಿನ ಡಾಕ್ಯುಮೆಂಟೇಶನ್‌ನ್ಯಾಗ (ಬಳಸೋ ವಿವರಣೆಯೊಳಗ) ಸಣ್ಣ ತಪ್ಪು ಕಂಡೈತಿ, ತಿದ್ದಿ ಕಳಿಸಬೇಕೋ ಬ್ಯಾಡೋ?

ಪ್ರಶ್ನೆ (ಬಾಗಲಕೋಟೆ, ಎಂಜಿನಿಯರಿಂಗ್ 6ನೇ ಸೆಮ್):
ಸರ್ ನಮಸ್ಕಾರ್ರಿ. ಮಿನಿ ಪ್ರಾಜೆಕ್ಟಿಗೆ ಚಿತ್ರ ಬಿಡಿಸೋ ಕೈರೋ ಗ್ರಾಫಿಕ್ಸ್ ಲೈಬ್ರರಿ ಹಿಡಕೊಂಡೀನಿ. ಅದರ ಕಂಸ ಬಿಡಿಸೋ ಆರ್ಕ್ ಫಂಕ್ಷನ್ನಿನ ವಿವರಣೆಯೊಳಗ ಕೋನ ಗಡಿಯಾರದ ಮುಳ್ಳಿನಂಗ ಹೆಚ್ಚತೈತಿ ಅಂತ ಬರದಾರ. ನನ್ನ ಸ್ಕ್ರೀನ್‌ನ್ಯಾಗ ಉಲ್ಟಾ ಹೊಂಟೈತಿ. ಇನ್ನೊಂದು ಸಣ್ಣ ಲೈಬ್ರರಿಯೊಳಗ ಒಂದ ಸಾಲಿನ್ಯಾಗ ಇಂಗ್ಲಿಷಿನ ‘ದಿ’ (the) ಎರಡು ಸಲ ಬಿದ್ದೈತಿ, ಒಂದು ಫಂಕ್ಷನ್ ಹೆಸರಿನ ಸ್ಪೆಲ್ಲಿಂಗೂ ತಪ್ಪೈತಿ. ಮೂರೂ ತಿದ್ದಿ ಲೈಬ್ರರಿ ಮಾಡಿದವ್ರಿಗೆ ಕಳಿಸಲೇನ್ರಿ? ನಾ ಕನ್ನಡ ಮೀಡಿಯಂ. ಇಂಗ್ಲಿಷ್ ತಿದ್ದಾಕ ಹೋದ್ರ ನಗ್ತಾರೇನೋ ಅಂತ ಅಂಜಿಕಿ.

ಉತ್ತರ (ಬೆಳಗಾವಿ, ಗ್ರಾಫಿಕ್ಸ್ ಪ್ರೋಗ್ರಾಮರ್):
ಯಾರೂ ನಗೂದಿಲ್ಲ ತಮ್ಮಾ. ಸರಸರ ಓದಾವ್ರಿಗೆ ಎರಡು ‘ದಿ’ ಕಾಣೂದ ಇಲ್ಲ. ಅದನ್ನ ಇವತ್ತ ಕಳಿಸು. ಆರ್ಕಿಂದು ತಡಿ. ಸ್ಕೇಲ್ ಫಂಕ್ಷನ್ನಿಗೆ 1, -1 ಕೊಟ್ಟು ಚಿತ್ರ ತಲಿಕೆಳಗ ಮಾಡೀಯೇನು?

ಪ್ರಶ್ನೆ ಕೇಳಿದವರು:
ಹೌದ್ರಿ ಸರ್. ಲ್ಯಾಬಿನ್ಯಾಗ ಓಪನ್‌ಜಿಎಲ್ ಅನ್ನೋ ಬ್ಯಾರೆ ಗ್ರಾಫಿಕ್ಸ್ ವ್ಯವಸ್ಥೆ ಕಲ್ತಿದ್ವಿ, ಅಲ್ಲಿ ವೈ ಅಕ್ಷ ಮ್ಯಾಲ ಹೋಗತೈತಿ. ಅದ ರೂಢಿ.

ಉತ್ತರ:
ಅಲ್ಲೇ ಐತಿ ನೋಡು. ಕೈರೋದಾಗ ವೈ ಕೆಳಗ ಬೆಳಿತೈತಿ. ಕೋನ ಎಕ್ಸ್ ಅಕ್ಷದಿಂದ ವೈ ಅಕ್ಷದ ಕಡೆ ಹೆಚ್ಚತೈತಿ ಅನ್ನೂದು ಮೂಲ ನಿಯಮ. ಗಡಿಯಾರದ ಮಾತು ‘ಡೀಫಾಲ್ಟ್ ಟ್ರಾನ್ಸ್‌ಫರ್ಮೇಶನ್ ಮ್ಯಾಟ್ರಿಕ್ಸ್ ಇದ್ರ’ ಅನ್ನೂ ಷರತ್ತಿನ ಮ್ಯಾಲ ಹೇಳಿದ್ದು, ಅಂದ್ರ ಅಕ್ಷಗಳನ್ನ ಮೊದಲಿದ್ದಂಗ ಬಿಟ್ಟಾಗ. ನೀ ಸ್ಕೇಲ್ ಹಾಕಿ ಮ್ಯಾಟ್ರಿಕ್ಸ್ ಬದಲಿಸಿ, ಷರತ್ತು ಬಿಟ್ಟು ಓದೀದಿ. ಹಂಗ ತಿದ್ದಿದ್ರ ಸರಿ ಇದ್ದದ್ದು ಕೆಡ್ತಿತ್ತು. ನಾನೂ ಇಂಥಾದ್ರಾಗ ಬಿದ್ದಾಂವನ. ಅರ್ಧ ಪಾರದರ್ಶಕ ಕೆಂಪು ಬಣ್ಣಕ್ಕ ಅದ ಡಾಕ್ಯುಮೆಂಟೇಶನ್‌ನ್ಯಾಗ ಹೆಕ್ಸ್ 80800000 ಅಂತ ಐತಿ. 80ಎಫ್‌ಎಫ್0000 ಆಗಬೇಕಿತ್ತು, ಟೈಪಿಂಗ್ ತಪ್ಪು ಅಂದಿದ್ದೆ. ಅಲ್ಲಿ ಬಣ್ಣಾನ ಮೊದಲ ಆಲ್ಫಾದಿಂದ (ಬಣ್ಣ ಎಷ್ಟು ಗಟ್ಟಿ ಅನ್ನೂ ಅಂಕಿ, ಇಲ್ಲಿ ಮೊದಲಿನ 80) ಗುಣಿಸಿ ಇಡ್ತಾರ, ಅರ್ಧ ಆದ್ರ ಎಫ್‌ಎಫ್ ಹೋಗಿ 80 ಆಗತೈತಿ. ಅವರು ಬರದದ್ದ ಖರೇ.

ಫಂಕ್ಷನ್ ಹೆಸರು ಮುಟ್ಟಬ್ಯಾಡ. ಅದನ್ನ ಕರಿಯೋ ಮಂದಿ ಪ್ರೋಗ್ರಾಂ ಎಲ್ಲಾ ಮುರಿತಾವ. ಯುನಿಕ್ಸ್ ಆಪರೇಟಿಂಗ್ ಸಿಸ್ಟಂನ ಫೈಲ್ ಮಾಡೋ ‘ಕ್ರಿಯೇಟ್’ (creat) ಕಾಲ್ ಇಂಗ್ಲಿಷ್ ಸ್ಪೆಲ್ಲಿಂಗಿನ ಕಡೀ ‘ಇ’ ಇಲ್ಲದ ಇವತ್ತಿಗೂ ನಡದೈತಿ. ನಮ್ಮೂರನ್ನ ನೋಡು: 2014ರ ನವೆಂಬರ್ 1ಕ್ಕ ಬೆಲ್ಗಾಂ ಹೋಗಿ ಬೆಳಗಾವಿ ಅಂತಾತು, ರೈಲ್ವೆ ಕೋಡ್ ಬಿಜಿಎಂ ಹಂಗ ಐತಿ.

ವಿಜಯಪುರದಿಂದ ಒಬ್ಬರು:
ನಾ ಡಾಕ್ಯುಮೆಂಟೇಶನ್ನಿನ ಎಚ್‌ಟಿಎಂಎಲ್ (ವೆಬ್) ಪುಟದಾಗ ತಿದ್ದಿ ಕಳಿಸಿದ್ನಿರಿ, ವಾಪಸ್ ಬಂತು. ಯಾಕ್ರಿ?

ಉತ್ತರ:
ಆ ಪುಟ ಸಾಧಾರಣವಾಗಿ ಸಿ ಭಾಷೆಯ ಪ್ರೋಗ್ರಾಂ ಫೈಲಿನ ಕಾಮೆಂಟಿನಿಂದ (ಒಳಗ ಬರದ ಟಿಪ್ಪಣಿಯಿಂದ) ತಾನ ತಯಾರಾಗತೈತ್ರಿ, ಮುಂದಿನ ಸಲ ತಯಾರಾಗೂವಾಗ ನೀವು ತಿದ್ದಿದ್ದು ಅಳಿಸಿ ಹೋಗತೈತಿ. ಹೊಸಾ ಸೋರ್ಸ್ ಕೋಡ್ ಇಳಿಸಿಕೊಂಡು ಆ ಸಾಲು ಹುಡುಕ್ರಿ, ಬ್ಯಾರೆಯವರು ಆಗಲೇ ತಿದ್ದಿರಬಹುದು. ಮತ್ತ ಎಡಿಟರ್ ಸಾಲಿನ ಕಡೀಗಿದ್ದ ಖಾಲಿ ಜಾಗ ತಾನ ಅಳಸೂದನ್ನ ಬಂದ್ ಮಾಡ್ರಿ. ಇಲ್ಲಾಂದ್ರ ಒಂದು ಶಬ್ದ ತಿದ್ದಿದ್ದಕ್ಕ ಡಿಫ್‌ನ್ಯಾಗ (ಏನೇನು ಬದಲಾತು ಅಂತ ತೋರಿಸೋ ಪಟ್ಟಿಯೊಳಗ) ಇನ್ನೂರು ಸಾಲು ಬರ್ತಾವ, ನೋಡಾವ್ರಿಗೆ ತಲಿಬ್ಯಾನಿ. ತಿದ್ದಿದ್ದರ ಜೋಡಿ ಬರಿಯೋ ಕಮಿಟ್ ಸಂದೇಶ ಒಂದ ಸಾಲು ಸಾಕು: ‘ಡಾಕ್: ಎರಡು ಸಲ ಬಂದ ಶಬ್ದ ತೆಗೆದಿದೆ’. ಇಂಗ್ಲಿಷಿನ್ಯಾಗ ಬರೀರಿ ಮತ್ತ!

ಪ್ರಶ್ನೆ ಕೇಳಿದವರು:
‘ದಿ’ ಒಂದನ್ನ ಕಳಿಸಿದ್ನಿರಿ ಸರ್. ಡಿಫ್‌ನ್ಯಾಗ ಒಂದು ಸಾಲು ಹೋಗೈತಿ, ಒಂದು ಬಂದೈತಿ.

ಉತ್ತರ:
ಬರೋಬ್ಬರಿ.