ಪದಚರ್ಚೆ: ‘ಕ್ವಾರಂಟೈನ್ ವಿತ್ ಪೇ’ಗೆ ಕನ್ನಡ ಬೇಕು, ಸೋಮವಾರ ಬೆಳಿಗ್ಗೆ ಏಳರೊಳಗೆ

ಭೋಸರಿ, ಪುಣೆ. ಶುಕ್ರವಾರ, 9 ಏಪ್ರಿಲ್ 2021, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ.

ಭೋಸರಿ ಎಂಐಡಿಸಿಯ ಒಂದು ಕಾರ್ಖಾನೆಯಲ್ಲಿ ನಾನು ಹಾಜರಿ ಮತ್ತು ಪಗಾರದ ಲೆಕ್ಕ ನೋಡುತ್ತೇನೆ. ಒಟ್ಟು ನೂರಾ ಹತ್ತು ಜನ. ಅರ್ಧಕ್ಕಿಂತ ಜಾಸ್ತಿ ಇಂಡಿ, ಸಿಂದಗಿ, ಅಫಜಲಪುರ, ಜತ್ತ ಕಡೆಯವರು. ಕೊರೊನಾ ಬಗ್ಗೆ ಮಹಾರಾಷ್ಟ್ರ ಸರ್ಕಾರ ಏಪ್ರಿಲ್ 4ರಂದು ಹೊರಡಿಸಿದ ಆದೇಶದಲ್ಲಿ ಕಾರ್ಖಾನೆಗಳಿಗೆ ಸಂಬಂಧಿಸಿದ ಭಾಗವನ್ನು ಗೇಟಿನ ಹತ್ತಿರ ಕನ್ನಡದಲ್ಲೂ ಹಾಕಿ ಎಂದು ಮಾಲಕರು ಹೇಳಿದ್ದಾರೆ. ಫ್ಲೆಕ್ಸ್ ಅಂಗಡಿ ಇವತ್ತು ರಾತ್ರಿ ಎಂಟಕ್ಕೆ ಬಾಗಿಲು ಹಾಕಿತು. ಸೋಮವಾರ ಏಳರ ತನಕ ವಾರಾಂತ್ಯದ ಲಾಕ್‌ಡೌನ್. ಹಾಗಾಗಿ ಪ್ಲೈವುಡ್ ಮೇಲೆ ನಮ್ಮ ಪೇಂಟ್ ಶಾಪಿನ ಹುಡುಗನೇ ಬರೆಯುತ್ತಾನೆ. ಅಕ್ಷರ ದುಂಡಗಿದೆ, ಆದರೆ ಹಲಗೆ ನಾಲ್ಕೇ ಅಡಿ. ಉದ್ದುದ್ದ ಪದ ಹಿಡಿಸುವುದಿಲ್ಲ.

ಮೊದಲು ಒಂದು ಏಜೆನ್ಸಿಯಿಂದ ಅನುವಾದ ಮಾಡಿಸಿದ್ದೆವು. ‘ಧನಾತ್ಮಕ ಕಾರ್ಮಿಕರನ್ನು ಕೆಲಸದಿಂದ ತೆಗೆಯುವಂತಿಲ್ಲ’ ಎಂದು ಬಂತು. ನಮ್ಮ ಕಾರ್ಖಾನೆಯ ಪ್ರೆಸ್ ಶಾಪಿನ ಒಬ್ಬರು ಓದಿ, ‘ಅಕ್ಕಾರ, ಧನ ಇದ್ದವರನ್ನ ತೆಗೆಯಂಗಿಲ್ಲ. ಹಂಗಾರ ನಮ್ಮಂಥವರನ್ನ ತೆಗೀಬಹುದೇನು?’ ಅಂತ ಕೇಳಿದರು. ಇನ್ನೊಂದು ಸಾಲಿನಲ್ಲಿ ಮರಾಠಿಯ ‘ಟಾಳೇಬಂದಿ’ಯನ್ನು ‘ಬೀಗಮುದ್ರೆ’ ಮಾಡಿದ್ದರು. ಮರಾಠಿಯಲ್ಲಿ ಲಾಕ್‌ಡೌನಿಗೂ ಲಾಕೌಟಿಗೂ ಅದೊಂದೇ ಪದ. ಕಾರ್ಖಾನೆ ಗೇಟಿನಲ್ಲಿ ಬೀಗಮುದ್ರೆ ಅಂದರೆ ಲಾಕೌಟೇ, ಮಾಲಕರೇ ಕಾರ್ಖಾನೆ ಮುಚ್ಚುವುದು. ಅರ್ಧ ಗಂಟೆ ಯಾರೂ ಮಶೀನು ಮುಟ್ಟಲಿಲ್ಲ.

ಉಳಿದದ್ದು ನಾನೇ ಸರಿ ಮಾಡಿದ್ದೇನೆ. ಸಿಕ್ಕಿಬಿದ್ದಿರುವುದು ಒಂದೇ ಕಡೆ. ಪಾಸಿಟಿವ್ ಬಂದವರ ಹತ್ತಿರ ಕೆಲಸ ಮಾಡಿದವರಿಗೆ ‘ಕ್ವಾರಂಟೈನ್ ವಿತ್ ಪೇ’. ಇದಕ್ಕೆ ಏನು ಬರೆಯಲಿ?

ಡೊಂಬಿವಲಿ. ಶುಕ್ರವಾರ, ರಾತ್ರಿ 10.25

ತಂಗಿ, ಕ್ವಾರಂಟೈನ್ ಎಂದರೆ ನಲವತ್ತು. ವೆನಿಸ್ಸಿನವರು ಹಡಗುಗಳನ್ನು ದಡಕ್ಕೆ ಬಿಡದೆ ನಲವತ್ತು ದಿನ ಕಾಯಿಸುತ್ತಿದ್ದರು. ಅದಕ್ಕೂ ಮೊದಲು, 1377ರಲ್ಲಿ, ರಾಗೂಸಾ ಬಂದರಿನವರು ಮೂವತ್ತು ದಿನ ಕಾಯಿಸಿದ್ದರು. ನಿಮ್ಮಲ್ಲಿ ಹದಿನಾಲ್ಕೇ ದಿನ ಅಲ್ವಾ? ಹಾಗಿದ್ದರೆ ಆ ಪದವೇ ತಪ್ಪು.

ಇನ್ನೊಂದು ಮಾತು. ನೀವು ಕರಡಿನಲ್ಲಿ ‘ಮಾಸ್ಕ್’ ಬರೆದಿದ್ದೀರೇನೋ. ‘ಮುಖಗವಸು’ ಇರುವಾಗ ಮಾಸ್ಕ್ ಯಾಕೆ? ಹಳಗನ್ನಡದ ‘ಗವಸಣಿಗೆ’ಯಿಂದ ಬಂದ ಚಂದದ ಪದ. ಕಿಟ್ಟೆಲ್ ಕೋಶ ತೆಗೆದು ನೋಡಿ.

ಕೋಥ್ರೂಡ್, ಪುಣೆ. ಶುಕ್ರವಾರ, ರಾತ್ರಿ 11.02

ಕ್ವಾರಂಟೈನಿಗೆ ‘ಬೇರಿರಿಕೆ’. ಬೇರೆ + ಇರು + ಇಕೆ. ನಾಲ್ಕೇ ಅಕ್ಷರ, ಹಲಗೆಯಲ್ಲಿ ಹಿಡಿಸುತ್ತದೆ. ‘ವಿತ್ ಪೇ’ಗೆ ‘ಕೂಲಿಯೊಡನೆ’. ಒಟ್ಟು ‘ಕೂಲಿಯೊಡನೆ ಬೇರಿರಿಕೆ’. ಮುಗಿಯಿತು.

‘ಮುಖ’ ಸಂಸ್ಕೃತ. ‘ಮೊಗಗವಸು’ ಎನ್ನಿ.

ಮಡಗಾಂವ್. ಶನಿವಾರ, ಬೆಳಿಗ್ಗೆ 6.50

ಬೇರಿರಿಕೆ ಅಂದರೆ ನಮ್ಮ ಮನೆಯಲ್ಲಿ ಅಣ್ಣ ತಮ್ಮ ಪಾಲು ಮಾಡಿಕೊಂಡು ಬೇರೆ ಇರುವುದು. ಹಲಗೆ ಓದಿದವರು ಆಸ್ತಿ ಯಾರಿಗೆ ಅಂತ ಕೇಳುತ್ತಾರೆ.

ಕೂಲಿ ಅಂತೂ ಬೇಡವೇ ಬೇಡ. ಕೂಲಿ ದಿನದ್ದು, ಪಗಾರ ತಿಂಗಳಿದ್ದು.

ಕೋಥ್ರೂಡ್. ಶನಿವಾರ, ಬೆಳಿಗ್ಗೆ 9.15

ಪಗಾರ ಮರಾಠಿ. ಕನ್ನಡದ ಹಲಗೆಗೆ ಮರಾಠಿ ಪದ ತಂದು ಹಾಕಲು ಈ ಗುಂಪು ಯಾಕೆ ಬೇಕು?

ಮಡಗಾಂವ್. ಶನಿವಾರ, ಬೆಳಿಗ್ಗೆ 9.31

ತಮ್ಮಾ, ಪಗಾರ ಮರಾಠಿಯದ್ದೂ ಅಲ್ಲ. ಪೋರ್ಚುಗೀಸರ ‘ಪಗಾರ್’, ಕೊಡುವುದು ಎಂದು ಅರ್ಥ. ನಾನು ಕೂತಿರುವ ಈ ಊರಿನ ಕಡೆಯಿಂದಲೇ ಮೇಲೆ ಹತ್ತಿರಬೇಕು. ಚಾವಿ, ಮೇಸ್ತ್ರಿ, ಬಟಾಟಿ ಎಲ್ಲವೂ ಅದೇ ಹಡಗಿನಲ್ಲಿ ಬಂದವು. ಮೇಸ್ತ್ರಿಯನ್ನು ಮೊದಲು ವಾಪಸ್ ಕಳಿಸಿ, ಆಮೇಲೆ ಪಗಾರದ ಮಾತು. ಸಂಬಳ ಎನ್ನುತ್ತೀರಾ? ಅದು ಸಂಸ್ಕೃತದ ಶಂಬಲ, ದಾರಿಗೆ ಕಟ್ಟಿಕೊಂಡ ಬುತ್ತಿ.

ದಾದರ್, ಮುಂಬಯಿ. ಶನಿವಾರ, ಬೆಳಿಗ್ಗೆ 10.05

‘ಗವಸು’ ಬಗ್ಗೆ ಮೇಷ್ಟ್ರ ಮಾತು ಒಪ್ಪುವುದಿಲ್ಲ. ಮರಾಠಿಯಲ್ಲಿ ತಂಬೂರಿಯ ಬಟ್ಟೆಯ ಚೀಲಕ್ಕೆ ‘ಗವಸಣಿ’ ಎನ್ನುತ್ತಾರೆ. ಆಕಾಶಕ್ಕೆ ಗವಸಣಿ ಹಾಕುವುದು ಎಂಬ ನುಡಿಗಟ್ಟೂ ಇದೆ. ಅಲ್ಲಿಂದ ನಮಗೆ ಬಂದದ್ದು.

ಡೊಂಬಿವಲಿ. ಶನಿವಾರ, ಬೆಳಿಗ್ಗೆ 10.09

ನಮ್ಮಿಂದ ಅವರಿಗೆ ಹೋದದ್ದು. ಚರ್ಚೆಯ ಅಗತ್ಯವೇ ಇಲ್ಲ.

ಭೋಸರಿ. ಶನಿವಾರ, ಬೆಳಿಗ್ಗೆ 11.20

ಮೇಷ್ಟ್ರೇ, ಸುಮ್ನೆ ‘ಮಾಸ್ಕ್’ ಅಂತ ಬರೆದು ಕೆಳಗೆ ಚಿತ್ರ ಹಾಕುತ್ತೇನೆ. ಸಾಮಾಜಿಕ ಅಂತರವೋ ದೈಹಿಕ ಅಂತರವೋ ಎಂದೂ ದಯವಿಟ್ಟು ಶುರು ಮಾಡಬೇಡಿ. ‘ಆರು ಅಡಿ ದೂರ’ ಎಂದು ಬರೆದಾಗಿದೆ.

ನಿನ್ನೆ ಒಬ್ಬರು ನನಗೆ ಪ್ರತ್ಯೇಕವಾಗಿ ಬರೆದು ‘ಹೊರಗಿರುವುದು’ ಎಂದು ಸೂಚಿಸಿದರು. ಪ್ಯಾಕಿಂಗಿನ ಹೆಣ್ಣುಮಕ್ಕಳಿಗೆ ತೋರಿಸಿದೆ. ಸೆರಗು ಬಾಯಿಗೆ ಹಿಡಿದು ನಕ್ಕರು. ಒಬ್ಬರಂತೂ ‘ಅದಕ್ಕೂ ಪಗಾರ ಕೊಡ್ತಾರೇನ್ರಿ?’ ಎಂದರು. ಆ ಪದ ಹೋಯಿತು.

ನಿಜವಾದ ತೊಂದರೆ ಬೇರೆ. ‘ಪಗಾರ ಸಹಿತ ರಜೆ’ ಎಂದು ಬರೆಯೋಣ ಅಂದುಕೊಂಡೆ. ಆಗ ನಮ್ಮ ಅಕೌಂಟ್ಸ್‌ನವರು, ‘ರಜೆ ಅಂದರೆ ಅವರ ಖಾತೆಯ ರಜೆಯಲ್ಲಿ ಮುರಿಯುತ್ತೇವೆ’ ಎಂದರು. ಮಾಲಕರಿಗೆ ‘ಲೇ-ಆಫ್’ ಎಂದು ಬರೆಸುವ ಮನಸ್ಸಿದೆ. ಮೂರನೆಯವರು, ‘ಇಎಸ್‌ಐನಿಂದ (ಕಾರ್ಮಿಕರ ಸರ್ಕಾರಿ ವಿಮೆ) ಬರುತ್ತಲ್ಲ, ಹಾಗೇ ಬರೆಯಿರಿ’ ಎನ್ನುತ್ತಾರೆ. ಪದ ಆರಿಸುವುದು ನನ್ನ ಕೆಲಸ ಅಂತ ನನ್ನ ಮೇಲೆ ಹಾಕಿದ್ದಾರೆ.

ಮುಲುಂಡ್. ಶನಿವಾರ, ಮಧ್ಯಾಹ್ನ 1.45

ನಾನು ಕಾರ್ಮಿಕ ನ್ಯಾಯಾಲಯದಲ್ಲಿ ವಕೀಲಿ ಮಾಡುತ್ತೇನೆ. ಗವಸಿನವರು ಸ್ವಲ್ಪ ಹೊತ್ತು ಸುಮ್ಮನಿರಿ.

ಅಕ್ಕಾವ್ರೇ, ನೀವು ಹೇಳಿದ ಮೂರು ಪದಕ್ಕೂ ದುಡ್ಡು ಬೇರೆ ಬೇರೆ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಲೇ-ಆಫ್ ಎಂದರೆ ಕಲ್ಲಿದ್ದಲು, ಕರೆಂಟು, ಕಚ್ಚಾ ಮಾಲು ಇಲ್ಲದೆ, ಅಥವಾ ಮಶೀನು ಕೆಟ್ಟು, ನೈಸರ್ಗಿಕ ವಿಪತ್ತು ಬಂದು ಮಾಲಕ ಕೆಲಸ ಕೊಡಲಾಗದ ಸ್ಥಿತಿ. ಐವತ್ತಕ್ಕಿಂತ ಕಮ್ಮಿ ಜನ ಇರುವ ಕಾರ್ಖಾನೆಗೆ ಅದರ ಪರಿಹಾರದ ನಿಯಮ ಇಲ್ಲ, ನಿಮಗೆ ಇದೆ. ಒಂದು ವರ್ಷ ಸರ್ವಿಸ್ ಆದ ಕಾಯಂ ಕೆಲಸಗಾರನಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಸಿಗುತ್ತದೆ. ಬದಲಿಯವರಿಗೆ ಅದೂ ಇಲ್ಲ. ಇಎಸ್‌ಐ ಕಾಯಿಲೆ ಭತ್ಯೆ ಶೇ 70, ವರ್ಷಕ್ಕೆ 91 ದಿನದ ತನಕ. ಏಪ್ರಿಲ್ 4ರ ಆದೇಶ ಬರೆದಿರುವುದೇ ಬೇರೆ. ಪಾಸಿಟಿವ್ ಬಂದವನಿಗೆ ವೈದ್ಯಕೀಯ ರಜೆ ಕೊಡಬೇಕು, ಆ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ, ಕಾಯಿಲೆ ಬರದೆ ಇದ್ದಿದ್ದರೆ ದುಡಿಯುತ್ತಿದ್ದ ಪೂರ್ತಿ ಪಗಾರ ಕೊಡಬೇಕು. ಅವನ ಹತ್ತಿರ ಇದ್ದವರನ್ನು ಪಗಾರ ಕೊಟ್ಟೇ ದೂರ ಇಡಬೇಕು.

ಅರ್ಧ, ಎಪ್ಪತ್ತು, ಪೂರ್ತಿ. ಹಲಗೆಯಲ್ಲಿ ಯಾವ ಪದ ಬರೆಯುತ್ತೀರೋ ಅದನ್ನೇ ನಾಳೆ ಎರಡೂ ಕಡೆಯವರು ನನ್ನಂಥವರ ಕೈಗೆ ತಂದು ಕೊಡುತ್ತಾರೆ.

ಲೇ-ಆಫ್ ಬಗ್ಗೆ ಇನ್ನೊಂದು. ಐಟಿಯವರ ದೆಸೆಯಿಂದ ಪತ್ರಿಕೆಗಳಲ್ಲಿ ಅದು ‘ಕೆಲಸದಿಂದ ವಜಾ’ ಆಗಿಬಿಟ್ಟಿದೆ. ಕಾಯ್ದೆಯಲ್ಲಿ ಹಾಗಲ್ಲ. ಲೇ-ಆಫ್ ಆದವನ ಹೆಸರು ಮಸ್ಟರ್‌ನಲ್ಲೇ, ಅಂದರೆ ಹಾಜರಿ ಪುಸ್ತಕದಲ್ಲೇ ಇರುತ್ತದೆ. ಹೆಸರು ಹೊಡೆದುಹಾಕಿದರೆ ಅದು ರಿಟ್ರೆಂಚ್ಮೆಂಟ್, ಅದಕ್ಕೆ ಒಂದು ತಿಂಗಳ ನೋಟಿಸು, ವರ್ಷಕ್ಕೆ ಹದಿನೈದು ದಿನದ ಪಗಾರ. ‘ಲೇ-ಆಫ್’ ಎಂಬ ಹಲಗೆ ನೋಡಿ ಜನ ಗಂಟುಮೂಟೆ ಕಟ್ಟಿದರೆ ಆಶ್ಚರ್ಯವಿಲ್ಲ. ಹೋದ ವರ್ಷದ್ದು ನೆನಪಿದೆ ತಾನೇ?

ಕೋಥ್ರೂಡ್. ಶನಿವಾರ, ಮಧ್ಯಾಹ್ನ 2.20

ವಕೀಲರ ಪತ್ರದಲ್ಲಿ ಎಷ್ಟು ಇಂಗ್ಲಿಷ್ ಪದ ಇದೆ ಎಂದು ಎಣಿಸುತ್ತಿದ್ದೆ. ಅರ್ಧಕ್ಕೇ ಬಿಟ್ಟೆ.

ಮುಲುಂಡ್. ಶನಿವಾರ, ಮಧ್ಯಾಹ್ನ 2.24

ಎಣಿಸಿ ಮುಗಿಸಿ, ಫೀಸು ಕಳಿಸುತ್ತೇನೆ.

ದಾದರ್. ಶನಿವಾರ, ಸಂಜೆ 4.10

ಎರವಲು ಬಗ್ಗೆ ಸಿಟ್ಟು ಮಾಡುವವರು ಒಂದು ಗಮನಿಸಿ. ಸೋಂಕು ಬಂದ ಮನೆ, ಬೀದಿ ಮುಚ್ಚುವುದಕ್ಕೆ ಬೆಂಗಳೂರಿನವರು ‘ಸೀಲ್‌ಡೌನ್’ ಅಂತ ಮಾಡಿಕೊಂಡರು. ಅಷ್ಟು ಕನ್ನಡದ ಇಂಗ್ಲಿಷ್ ಪದ ನಾನು ನೋಡಿಲ್ಲ. ನಮ್ಮ ಮುಂಬಯಿಯಲ್ಲಿ ಅದನ್ನು ಹೇಳಿದರೆ ಯಾರಿಗೂ ತಿಳಿಯುವುದಿಲ್ಲ.

ಇನ್ನು ಮೇಷ್ಟ್ರಿಗೆ. 1896ರಲ್ಲಿ ಈ ಊರಿಗೆ ಪ್ಲೇಗ್ ಬಂದಾಗ ನಮ್ಮವರು ಯಾವ ಪದಕೋಶವನ್ನೂ ನೋಡಲಿಲ್ಲ. ‘ಪಲೇಗು’ ಎಂದರು, ಊರು ಬಿಟ್ಟರು. ಮರುವರ್ಷ ಬಂದ ಸಾಂಕ್ರಾಮಿಕ ರೋಗಗಳ ಕಾಯ್ದೆಯೇ ಇವತ್ತಿಗೂ ನಡೆಯುತ್ತಿದೆ. ನೂರಿಪ್ಪತ್ತನಾಲ್ಕು ವರ್ಷದ ಕಾಯ್ದೆ ಇಟ್ಟುಕೊಂಡು ಪದ ಮಾತ್ರ ಹೊಸದು ಬೇಕು ಎನ್ನುತ್ತೇವೆ.

ಡೊಂಬಿವಲಿ. ಶನಿವಾರ, ಸಂಜೆ 4.40

ಪಲೇಗು ನಿಮ್ಮ ಅಜ್ಜಿ ಹೇಳಿರಬಹುದು. ನಮ್ಮ ರಾತ್ರಿ ಶಾಲೆಯಲ್ಲಿ ಹೋಟೆಲ್ ಹುಡುಗರಿಗೆ ಮೂವತ್ತು ವರ್ಷ ಕನ್ನಡ ಕಲಿಸಿದ್ದೇನೆ. ಸರಿಯಾದ ಪದ ಕೊಟ್ಟರೆ ಅವರು ಕಲಿಯುತ್ತಾರೆ. ಅವರಿಗೆ ತಿಳಿಯುವುದಿಲ್ಲ ಎಂದು ನೀವೇ ತೀರ್ಮಾನ ಮಾಡಬೇಡಿ.

(ಇದೊಂದು ಮಾತು ಮೇಷ್ಟ್ರದ್ದು ನನಗೆ ಹಿಡಿಸಿತು. ಆದರೆ ಸೋಮವಾರ ಬೆಳಿಗ್ಗೆ ಏಳಕ್ಕೆ ಪಾಠ ಮಾಡಲು ಅವರು ಬರುವುದಿಲ್ಲವಲ್ಲ. — ಮಡಗಾಂವ್)

ಭೋಸರಿ. ಭಾನುವಾರ, ರಾತ್ರಿ 8.15

ಹೆಸರುಪದ ಹುಡುಕುವುದನ್ನೇ ಬಿಟ್ಟೆ. ಕ್ರಿಯಾಪದದಲ್ಲಿ ಬರೆದರೆ ಕೆಲಸ ಆಗುತ್ತದೆ ಎಂದು ಅನ್ನಿಸಿತು. ಹಲಗೆಯ ಮೇಲೆ ಬಂದದ್ದು ಹೀಗೆ:

‘ಕೊರೊನಾ ಬಂದರೆ ಕೆಲಸ ಹೋಗುವುದಿಲ್ಲ. ಪಗಾರ ಪೂರ್ತಿ ಸಿಗುತ್ತದೆ. ಹತ್ತಿರ ಕೆಲಸ ಮಾಡಿದವರು ಕ್ವಾರಂಟೈನ್ ಇರಬೇಕು. ಅವರಿಗೂ ಪಗಾರ ಉಂಟು. ನಿಮ್ಮ ರಜೆ ಮುರಿಯುವುದಿಲ್ಲ. ಜ್ವರ ಇದ್ದರೆ ಮುಚ್ಚಿಡಬೇಡಿ, ಗೇಟಿನಲ್ಲಿ ಹೇಳಿ. ಊಟ, ಚಹಾ ಪಾಳಿ ಪ್ರಕಾರ. ಒಟ್ಟಿಗೆ ಕೂತು ಉಣ್ಣಬೇಡಿ.’

‘ರಜೆ ಮುರಿಯುವುದಿಲ್ಲ’ ಎಂಬ ಸಾಲಿಗೆ ಮಾಲಕರ ಜೊತೆ ಫೋನಿನಲ್ಲಿ ಮುಕ್ಕಾಲು ಗಂಟೆ ಹೋಯಿತು. ‘ಹೋದ ವರ್ಷದ ಪಗಾರದ ಆದೇಶವನ್ನು ಕೇಂದ್ರವೇ ಮೇ 18ರಿಂದ ವಾಪಸ್ ತೆಗೆದುಕೊಂಡಿತಲ್ಲ’ ಎಂದರು. ಅದು ಮಾರ್ಚ್ 29ರ ಕೇಂದ್ರದ ಆದೇಶ, ಇದು ರಾಜ್ಯದ್ದು ಎಂದು ವಕೀಲರ ಪತ್ರ ಓದಿ ಹೇಳಿದೆ. ಒಪ್ಪಿದರು. ‘ಉಂಟು’ ನೋಡಿ ಹುಡುಗ, ‘ಇದು ಮಂಗಳೂರು ಕಡೆಯವರದ್ದು’ ಎಂದು ಮುಖ ಸಿಂಡರಿಸಿದ. ‘ಐತಿ’ ಅಂತ ಬರೆಯುತ್ತೇನೆ ಎಂದ. ಬರೆಯಲಿ ಬಿಡಿ.

ಕೋಥ್ರೂಡ್. ಭಾನುವಾರ, ರಾತ್ರಿ 8.50

‘ಐತಿ’ ಒಳ್ಳೆಯದಾಯಿತು. ಇಡೀ ಹಲಗೆಯಲ್ಲಿ ಅದೊಂದೇ ಕನ್ನಡ.

ಭೋಸರಿ. ಸೋಮವಾರ, ಬೆಳಿಗ್ಗೆ 11.30

ಹಲಗೆ ಏರಿತು. ಎಲ್ಲರೂ ನಿಂತು ಓದಿದರು, ಓದಲು ಬಾರದವರಿಗೆ ಪಕ್ಕದವರು ಹೇಳಿದರು. ಕ್ವಾರಂಟೈನ್ ಪದದ ಅರ್ಥ ಒಬ್ಬರೂ ಕೇಳಲಿಲ್ಲ. ಕೇಳಿದ್ದು ‘ಪೂರ್ತಿ’ ಬಗ್ಗೆ. ‘ಪೂರ್ತಿ ಅಂದ್ರ ಓಟಿ ಹಿಡಿದೋ, ಬಿಟ್ಟೋ?’

ವಕೀಲರೇ, ‘ದುಡಿಯುತ್ತಿದ್ದ ಪೂರ್ತಿ ಪಗಾರ’ದಲ್ಲಿ ಓಟಿ (ಓವರ್‌ಟೈಮ್ ದುಡ್ಡು) ಸೇರುತ್ತದೆಯಾ? ಎರಡನೇ ಪಾಳಿ ಮೂರಕ್ಕೆ ಒಳಗೆ ಬರುತ್ತದೆ. ಅದಕ್ಕೆ ಮೊದಲು ತಿಳಿಸಿದರೆ ಉಪಕಾರ. ಹುಡುಗನ ಕೈಯಲ್ಲಿ ಇನ್ನೂ ಬಣ್ಣ ಉಳಿದಿದೆ.