ಸುಂಟಿಕೊಪ್ಪ–ಮಡಿಕೇರಿ ಏರಿಗೆ ಹೈಬ್ರಿಡ್ ಸೈಕಲ್, ಬಜೆಟ್ 30 ಸಾವಿರ. ಯಾವುದು ತಗೊಳ್ಳಲಿ?

ತೋಟದ_ದಾರಿ:
ನಮ್ಮ ಮನೆ ಸುಂಟಿಕೊಪ್ಪದ ಹತ್ತಿರ. ವಾರಕ್ಕೆ ಮೂರು ದಿನ ಮಡಿಕೇರಿಗೆ ಕೆಲಸಕ್ಕೆ ಹೋಗುತ್ತೇನೆ. ಬೈಕ್ ಬಿಟ್ಟು ಸೈಕಲ್ ತುಳಿಯುವ ಹುಚ್ಚು ಹತ್ತಿದೆ. ಹೋಗುವಾಗ ಹೆಚ್ಚುಕಮ್ಮಿ ಪೂರ್ತಿ ಏರು, ಬರುವಾಗ ಬ್ರೇಕ್ ಹಿಡಿದೇ ಕೂರಬೇಕು. ಮುಖ್ಯರಸ್ತೆವರೆಗೆ ಒಂದು ಕಿಲೋಮೀಟರ್ ತೋಟದ ಮಣ್ಣು ದಾರಿ, ಮಳೆಗಾಲದಲ್ಲಿ ಅದು ದಾರಿಯೋ ತೋಡೋ ಗೊತ್ತಾಗುವುದಿಲ್ಲ. ಬಜೆಟ್ 30 ಸಾವಿರ, ಎಳೆದರೆ 35. ಮೈಸೂರಿನಲ್ಲಿ ಎರಡು ಸೈಕಲ್ ನೋಡಿದೆ. ಒಂದಕ್ಕೆ ಮುಂದೆ ಸಸ್ಪೆನ್ಶನ್, 21 ಗೇರ್, ಮೆಕ್ಯಾನಿಕಲ್ (ಕೇಬಲ್ ಎಳೆಯುವ) ಡಿಸ್ಕ್ ಬ್ರೇಕ್. ಇನ್ನೊಂದಕ್ಕೆ ಸಸ್ಪೆನ್ಶನ್ ಇಲ್ಲ, 24 ಗೇರ್, ಹೈಡ್ರಾಲಿಕ್ (ಆಯಿಲ್ ಒತ್ತಡದ) ಡಿಸ್ಕ್ ಬ್ರೇಕ್, 4 ಸಾವಿರ ಜಾಸ್ತಿ. ಜಾಸ್ತಿ ದುಡ್ಡು ಕೊಟ್ಟು ಸಸ್ಪೆನ್ಶನ್ ಬಿಡುವುದು ಯಾಕೆ ಅಲ್ವಾ?

ಘಾಟಿ_ಕಾಲು:
ಎರಡನೆಯದನ್ನೇ ತಗೊಳ್ಳಿ. ಈ ಬೆಲೆಯ ಸಸ್ಪೆನ್ಶನ್ ಒಳಗೆ ಇರುವುದು ಬರೀ ಸ್ಪ್ರಿಂಗ್. ಏರಿನಲ್ಲಿ ಎದ್ದು ನಿಂತು ತುಳಿದರೆ ನಿಮ್ಮ ಶಕ್ತಿ ಒಂದಿಷ್ಟು ಅದನ್ನು ಕುಣಿಸುವುದಕ್ಕೇ ಹೋಗುತ್ತದೆ, ಮೇಲಿಂದ ಒಂದು ಕಿಲೋಗೂ ಜಾಸ್ತಿ ಭಾರ ಸುಮ್ನೆ ಹೊರಬೇಕು. ಮಣ್ಣು ದಾರಿಗೆ 38 ಅಥವಾ 40 ಮಿ.ಮೀ. ಅಗಲದ ಟಯರ್ ಹಾಕಿ ಗಾಳಿ ಸ್ವಲ್ಪ ಕಮ್ಮಿ ಇಡಿ, ಸಾಕು.

ಗೇರ್ ಎಷ್ಟು ಅಂತ ಎಣಿಸಬೇಡಿ, ಹಲ್ಲು ಎಣಿಸಿ. 21 ಗೇರ್ ಸೈಕಲ್‌ಗಳಲ್ಲಿ ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ ಹೆಚ್ಚಾಗಿ 28 ಹಲ್ಲು. ಮುಂದಿನ ಚಿಕ್ಕದಕ್ಕೂ 28 ಇದ್ದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ಲಿನ ಹಿಂದಿನ ಚಕ್ರ ಒಂದು ಸುತ್ತು. ಹಿಂದೆ 34 ಇದ್ದರೆ 0.82 ಸುತ್ತು ಅಷ್ಟೇ, ಅಂದರೆ ತುಳಿಯುವುದು ಹಗುರ. ಮಡಿಕೇರಿ ಹತ್ತಿರದ ತಿರುವುಗಳಲ್ಲಿ ಹಿಂದೆ ಲಾರಿ ಹಾರ್ನ್ ಹೊಡೆಯುವಾಗ ಆ ವ್ಯತ್ಯಾಸ ತೊಡೆಗೆ ಗೊತ್ತಾಗುತ್ತದೆ. ಈಗ ಮುಂದೆ ಒಂದೇ ಹಲ್ಲುಚಕ್ರದ ಸೈಕಲ್ ಬರುತ್ತವಲ್ಲ, ಮುಂದೆ 38 ಹಲ್ಲಿಗೆ ಹಿಂದೆ 34 ಕೊಟ್ಟಿರುತ್ತಾರೆ, ಒಂದು ಸುತ್ತಿಗಿಂತ ಜಾಸ್ತಿ. ನೋಡುವುದಕ್ಕೆ ಚಂದ, ನಮ್ಮ ಏರಿಗೆ ಬೇಡ.

ಮಳೆ_ಜಿಗಣೆ:
ಒಂದು ವಿಷಯ ಬಿಟ್ಟಿರಿ. 21 ಗೇರಿನದರಲ್ಲಿ ಹಿಂದೆ ಇರುವ 7 ಹಲ್ಲುಚಕ್ರ ಹೆಚ್ಚಾಗಿ ಫ್ರೀವೀಲ್ (ಚಕ್ರದ ನಡುಭಾಗವಾದ ಹಬ್‌ಗೆ ತಿರುಪಿ ಕೂರಿಸುವ ಗುಚ್ಛ), 24 ಗೇರಿನದರ 8 ಹೆಚ್ಚಾಗಿ ಕ್ಯಾಸೆಟ್ (ಹಬ್ ಮೇಲೆ ಜಾರಿಸಿ ಕೂರಿಸುವ ಗುಚ್ಛ). ಫ್ರೀವೀಲ್‌ನಲ್ಲಿ ಬಲಗಡೆ ಬೇರಿಂಗ್ ಒಳಗೆ ಸರಿದಿರುತ್ತದೆ, ಆಕ್ಸಲ್ (ಚಕ್ರದ ಅಚ್ಚು) ಬಾಗುವ ಸಾಧ್ಯತೆ ಜಾಸ್ತಿ. ನನ್ನ ಹಳೆ ಸೈಕಲ್ ಆಕ್ಸಲ್ ಭಾಗಮಂಡಲದ ದಾರಿಯಲ್ಲಿ ಮುರಿಯಿತು. ಜೀಪಿನ ಹಿಂದೆ ಹೇರಿಕೊಂಡು ಬಂದೆ. ಆಮೇಲೆ ಕ್ಯಾಸೆಟ್ ಹಾಕಿಸೋಣ ಅಂದರೆ ಹಿಂದಿನ ಚಕ್ರದ ಹಬ್ ಪೂರ್ತಿ ಬದಲಾಯಿಸಬೇಕು, ಅಂಗಡಿಯವನು ಮಾರುವಾಗ ಅದನ್ನು ಹೇಳಿರಲಿಲ್ಲ.

ಹೈಡ್ರಾಲಿಕ್ ವಿಷಯದಲ್ಲಿ ಮಾತ್ರ ನನಗೆ ಅನುಮಾನ. ಕೇಬಲ್ ಆದರೆ ಮನೆಯಲ್ಲೇ ಬಿಗಿ ಮಾಡಬಹುದು. ಆಯಿಲ್ ಸೋರಿದರೆ ಮೈಸೂರಿಗೆ ಓಡಬೇಕಲ್ಲ?

ಘಾಟಿ_ಕಾಲು:
ಓಡಬೇಕು, ಒಪ್ಪಿದೆ. ಆದರೆ ಜುಲೈಯಲ್ಲಿ ಕೆಸರು ನೀರಿಗೆ ಬ್ರೇಕ್ ಪ್ಯಾಡ್ ಬೇಗ ಸವೆಯುತ್ತದೆ. ಹೈಡ್ರಾಲಿಕ್ ಆದರೆ ಸವೆದಷ್ಟೂ ತಾನೇ ಹೊಂದಿಕೊಳ್ಳುತ್ತದೆ, ಕೇಬಲ್ ಆದರೆ ದಿನಾ ತಿರುಪು ತಿರುಗಿಸಬೇಕು. ಕೈ ಮರಗಟ್ಟಿದಾಗ ಎರಡು ಬೆರಳಲ್ಲಿ ಹಿಡಿದರೂ ನಿಲ್ಲುತ್ತದೆ. ಮಳೆಗೆ ಮೆಟಲ್ ಪ್ಯಾಡ್ ಒಳ್ಳೆಯದು, ಆದರೆ ಡಿಸ್ಕ್ ಮೇಲೆ ‘ರೆಸಿನ್ ಪ್ಯಾಡ್ ಓನ್ಲಿ’ (ಮೆತ್ತಗಿನ ರೆಸಿನ್ ಪ್ಯಾಡ್ ಮಾತ್ರ) ಅಂತ ಕೊರೆದಿದ್ದರೆ ಮೆಟಲ್ ಹಾಕಬೇಡಿ, ಡಿಸ್ಕ್ ತಿಂದುಬಿಡುತ್ತದೆ.

ತೋಟದ_ದಾರಿ:
ಸರಿ, ಎರಡನೆಯದೇ. ಹಿಂದೆ 34 ಹಲ್ಲು ಇದೆಯಂತೆ, ಫೋನ್ ಮಾಡಿ ಎಣಿಸಲು ಹೇಳಿದೆ, ಅವರಿಗೆ ಸ್ವಲ್ಪ ಸಿಟ್ಟೇ ಬಂತು.

ಮಳೆ_ಜಿಗಣೆ:
😄 ಬರಲಿ ಬಿಡಿ. ಪೂರ್ತಿ 35 ಸೈಕಲ್‌ಗೇ ಸುರಿಯಬೇಡಿ, ಮೂರು ಸಾವಿರ ಉಳಿಸಿಕೊಳ್ಳಿ. ಉದ್ದನೆಯ ಮಡ್‌ಗಾರ್ಡ್, ಮಂಜಿಗೆ ಹಿಂದಿನ ಕೆಂಪು ಲೈಟ್, ಪಂಪ್, ಎರಡು 700ಸಿ (ಹೈಬ್ರಿಡ್ ಚಕ್ರದ ಅಳತೆ) ಟ್ಯೂಬ್. ನಮ್ಮ ಕಡೆ ಅಂಗಡಿಗಳಲ್ಲಿ 26 ಇಂಚಿನ ಟ್ಯೂಬ್ ಸಿಗುತ್ತದೆ, 700ಸಿ ಕೇಳಿದರೆ ಮುಖ ನೋಡುತ್ತಾರೆ. ವಾಲ್ವ್ ಕಾರಿನ ಥರದ್ದೋ ಸಪೂರದ್ದೋ ನೋಡಿಕೊಂಡು ತನ್ನಿ.